ಕಡಲಿನ ಹಾಜರಿ ಪುಸ್ತಕ
(ಧಾರವಾಡದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಒಳಗೆ ಬರುವಾಗ ಬಾಗಿಲಲ್ಲೇ ಹಿರಿಯರೊಬ್ಬರು ಕೇಳಿದರು: "ಮೇಡಂ, ಧಾರವಾಡದಾಗ ಕಡಲಿನ ಭಾಷಣ ಯಾಕ್ರೀ? ನಮಗ ಕುಡಿಯೋ ನೀರಿಂದೇ ಚಿಂತಿ ಐತಿ." ಸರಿಯಾದ ಪ್ರಶ್ನೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಇಲ್ಲಿ ಸೋಮೇಶ್ವರ ಗುಡಿಗೆ ಹೋಗದವರು ಯಾರೂ ಇರಲಿಕ್ಕಿಲ್ಲ. ಶಾಲ್ಮಲಾ ಹುಟ್ಟುವುದು ಅಲ್ಲೇ. ಆ ಸಣ್ಣ ಹರಿವು ಕಲಘಟಗಿ ಕಡೆ ಹೋಗಿ ಬೇಡ್ತಿ ಸೇರುತ್ತದೆ, ಯಲ್ಲಾಪುರದ ಕಾಡು ದಾಟುತ್ತದೆ, ಮಾಗೋಡಿನಲ್ಲಿ ಧುಮುಕುತ್ತದೆ. ಕೊನೆಗೆ ಅಂಕೋಲೆ ಹತ್ತಿರ ಗಂಗಾವಳಿ ಎಂಬ ಹೆಸರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಹುಬ್ಬಳ್ಳಿ ಮಧ್ಯದಲ್ಲಿ ಹರಿಯುವ ಉಣಕಲ್ ನಾಲಾ ಹೋಗುವುದೂ ಬೇಡ್ತಿಗೇ. ಮೂಗು ಮುಚ್ಚಿಕೊಂಡು ದಾಟುತ್ತೇವಲ್ಲ, ಅದೇ ನಾಲಾ. ಇವತ್ತು ಬೆಳಗ್ಗೆ ನಿಮ್ಮ ಬಚ್ಚಲಿನಿಂದ ಹೋದ ಸೋಪಿನ ನೀರಿಗೆ ಕಡಲಿನ ದಾರಿ ಗೊತ್ತಿದೆ. ಹಾಗಾಗಿ ಕಡಲು ನಮಗೆ ದೂರದ್ದು ಅಂತ ನನಗೆ ಅನ್ನಿಸುವುದಿಲ್ಲ.

ನಾನು ಹುಟ್ಟಿದ್ದು ಹಾವೇರಿ ಜಿಲ್ಲೆಯಲ್ಲಿ. ಮೊದಲ ಸಲ ಸಮುದ್ರ ನೋಡಿದಾಗ ನನಗೆ ಇಪ್ಪತ್ತು ವರ್ಷ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯ ಇರುವುದು ಧಾರವಾಡದಲ್ಲಿ, ಆದರೆ ಅದರ ಕಡಲ ಜೀವಶಾಸ್ತ್ರ ವಿಭಾಗ ಇರುವುದು ಕಾರವಾರದಲ್ಲಿ. ಅಲ್ಲಿ ಓದಿದೆ. ಆಮೇಲೆ ಎರಡು ವರ್ಷ ಜಪಾನಿನ ಒಂದು ಒಳನಾಡು ಕಡಲಿನ ದಂಡೆಯಲ್ಲಿ ಕೆಲಸ ಮಾಡಿದೆ. ಇವತ್ತಿನ ಮಾತು ಆ ಕಡಲಿನದು. ಹೆಸರು ಸೆತೊ.

ಸೆತೊ ಹೇಗಿದೆ ಅಂದರೆ, ಮೂರು ಕಡೆ ದೊಡ್ಡ ದ್ವೀಪಗಳು ಒತ್ತಿಕೊಂಡು ನಿಂತು ನಡುವೆ ಸಿಕ್ಕಿಬಿದ್ದ ಕಡಲು. ಹೊರಗಿನ ಸಮುದ್ರಕ್ಕೆ ಕೆಲವೇ ಇಕ್ಕಟ್ಟಾದ ಬಾಯಿಗಳು. ವಿಸ್ತೀರ್ಣ ಸುಮಾರು 23,000 ಚದರ ಕಿಲೋಮೀಟರ್. 1997ಕ್ಕೆ ಮೊದಲಿನ ನಮ್ಮ ಹಳೇ ಧಾರವಾಡ ಜಿಲ್ಲೆಯನ್ನು ನೆನಪಿಸಿಕೊಳ್ಳಿ, ಗದಗ, ಹಾವೇರಿ ಎಲ್ಲಾ ಸೇರಿದ್ದು. ಅದರ ಒಂದೂವರೆ ಪಟ್ಟಿಗಿಂತ ಜಾಸ್ತಿ. ಆದರೆ ಸರಾಸರಿ ಆಳ 38 ಮೀಟರ್ ಅಷ್ಟೇ. ವಿಜಯಪುರದ ಗೋಳಗುಮ್ಮಟವನ್ನು ತಂದು ಅಲ್ಲಿ ಇಟ್ಟರೆ ಮೇಲಿನ ಗುಮ್ಮಟ ನೀರಿನಿಂದ ಹೊರಗೆ ಕಾಣುತ್ತದೆ. ಒಳಗೆ ಸಣ್ಣದು ದೊಡ್ಡದು ಸೇರಿ 700ಕ್ಕೂ ಜಾಸ್ತಿ ದ್ವೀಪಗಳು. ಸುತ್ತ ಸುಮಾರು 3 ಕೋಟಿ ಜನ. ಕಡಲು ಅನ್ನುವುದಕ್ಕಿಂತ ಒಂದು ಭಾರೀ ಕೆರೆ ಅಂದುಕೊಳ್ಳಿ. ಕೆರೆಗೆ ಏನೇನು ಆಗಬಹುದೋ ಅದೆಲ್ಲ ಅದಕ್ಕೂ ಆಯಿತು.

1960ರ ದಶಕದಲ್ಲಿ ದಂಡೆಯುದ್ದಕ್ಕೂ ಕಾರ್ಖಾನೆಗಳು ಬಂದವು. ದಂಡೆಗೆ ಮಣ್ಣು ತುಂಬಿ ನೆಲ ಮಾಡಿದರು. ಕಾರ್ಖಾನೆ ನೀರು, ಊರ ಕೊಳಚೆ ಎಲ್ಲವೂ ಒಳಗೇ. 1972ರ ಬೇಸಿಗೆಯಲ್ಲಿ ಹರಿಮಾ ಎಂಬ ಭಾಗದಲ್ಲಿ ನೀರು ಕೆಂಪಾಯಿತು. ಕಣ್ಣಿಗೆ ಕಾಣದ ಪಾಚಿ ಜಾತಿಯ ಜೀವಿ ಕೋಟಿಗಟ್ಟಲೆ ಬೆಳೆದಿತ್ತು. ಬಲೆಯ ಪಂಜರಗಳಲ್ಲಿ ಸಾಕಿದ್ದ 1 ಕೋಟಿ 40 ಲಕ್ಷ ಮೀನು ಸತ್ತು ತೇಲಿದವು. ಮರುವರ್ಷವೇ, 1973ರಲ್ಲಿ, ಸೆತೊಗೆಂದೇ ಒಂದು ಕಾನೂನು ಬಂತು. ಮೊದಲು ತಾತ್ಕಾಲಿಕ ಅಂದಿದ್ದರು, 1978ರಲ್ಲಿ ಕಾಯಂ ಮಾಡಿದರು. ಸತ್ತ ಮೀನನ್ನು ಎಣಿಸಲು ಬಂತು. ಸಾಕಿದವನಿಗೆ ಲೆಕ್ಕ ಗೊತ್ತಿತ್ತು, ನಷ್ಟ ರೂಪಾಯಿಯಲ್ಲಿ, ಅಂದರೆ ಯೆನ್‌ನಲ್ಲಿ, ಹೇಳಬಹುದಿತ್ತು. ಅದಕ್ಕೇ ಸರ್ಕಾರ ಎದ್ದಿತು. ಯಾರೂ ಸಾಕದ, ಯಾರೂ ಎಣಿಸದ ಜೀವಿಗಳ ಗತಿ ಏನು? ಇವತ್ತು ನಾನು ಹೇಳಬೇಕಾದ್ದು ಅದನ್ನೇ.

ಸೆತೊದಲ್ಲಿ ಸುನಾಮೆರಿ ಎಂಬ ಪ್ರಾಣಿ ಇದೆ. ಡಾಲ್ಫಿನ್ ಬಳಗದ್ದು, ಆದರೆ ಸಣ್ಣದು, ಬೂದು ಬಣ್ಣ, ಬೆನ್ನ ಮೇಲೆ ರೆಕ್ಕೆ ಇಲ್ಲ. ಡಾಲ್ಫಿನ್ ಹಾಗೆ ಹಾರುವುದಿಲ್ಲ. ಒಂದು ಕ್ಷಣ ಬೆನ್ನು ಕಾಣುತ್ತದೆ, ನೀರಿನಲ್ಲಿ ಕೊಡ ಮುಳುಗಿದ ಹಾಗೆ, ಅಷ್ಟೇ. ತಕೆಹಾರಾ ಎಂಬ ಊರಿನ ಎದುರು ಒಂದು ಸಣ್ಣ ದ್ವೀಪ. ಅದರ ಸುತ್ತ ಸುನಾಮೆರಿ ಎಷ್ಟು ಇದ್ದವೆಂದರೆ, ಅಲ್ಲಿನ ಕಡಲನ್ನೇ 1930ರಲ್ಲಿ ರಾಷ್ಟ್ರೀಯ ಪ್ರಾಕೃತಿಕ ಸ್ಮಾರಕ ಅಂತ ಘೋಷಿಸಿದರು. ಮೀನುಗಾರರಿಗೆ ಅವು ಜೊತೆಗಾರ ಇದ್ದ ಹಾಗೆ. ಇಕನಾಗೊ ಎಂಬ ಬೆರಳಿನಷ್ಟು ಉದ್ದದ ಮೀನಿನ ಹಿಂಡನ್ನು ಸುನಾಮೆರಿ ಅಟ್ಟಿಸಿಕೊಂಡು ಬರುತ್ತಿದ್ದವು. ಆ ಹಿಂಡಿನ ಕೆಳಗೆ ದೊಡ್ಡ ಮೀನುಗಳು ಕಾದಿರುತ್ತಿದ್ದವು. ಮೀನುಗಾರರು ಅಲ್ಲಿ ಗಾಳ ಬಿಡುತ್ತಿದ್ದರು. ಹತ್ತಿರದ ಇನ್ನೊಂದು ದ್ವೀಪದಲ್ಲಿ ಇದೇ ಕೆಲಸವನ್ನು ಚಳಿಗಾಲದಲ್ಲಿ ಬರುವ ಅಬಿ ಎಂಬ ಹಕ್ಕಿಗಳು ಮಾಡುತ್ತಿದ್ದವು. ಹಕ್ಕಿ ಬೆದರದ ಹಾಗೆ ದೋಣಿ ಹೇಗೆ ನಡೆಸಬೇಕು ಅನ್ನುವುದನ್ನು ಅಪ್ಪ ಮಗನಿಗೆ ಕಲಿಸುತ್ತಿದ್ದ. ಆ ಬಗೆಯ ಮೀನುಗಾರಿಕೆ 1980ರ ದಶಕದಲ್ಲಿ ನಿಂತುಹೋಯಿತು.

ಈಗ ನನಗೆ ತುಂಬಾ ಪ್ರೀತಿಯ ಕಥೆ. ತೊಶಿಯೊ ಕಸುಯ ಎಂಬ ವಿಜ್ಞಾನಿ. 1976ರಿಂದ 78ರವರೆಗೆ ಅವರು ಮತ್ತು ಜೊತೆಯವರು ಸುನಾಮೆರಿ ಎಣಿಸಿದರು. ಹೇಗೆ? ಸೆತೊದಲ್ಲಿ ಊರಿಂದ ಊರಿಗೆ ಹೋಗುವ ಫೆರ್ರಿ ದೋಣಿಗಳು ಇದ್ದವು, ನಮ್ಮ ಬೇಂದ್ರೆ ಬಸ್ ಹುಬ್ಬಳ್ಳಿ-ಧಾರವಾಡ ಓಡಾಡುತ್ತಿದ್ದ ಹಾಗೆ. ಅದನ್ನು ಹತ್ತಿದರು, ಡೆಕ್ ಮೇಲೆ ನಿಂತು ನೀರು ನೋಡುತ್ತಾ ಹೋದರು. ಬೆನ್ನು ಕಂಡರೆ ಬರೆದರು. ಎಲ್ಲಿ, ಎಷ್ಟು, ದಂಡೆಯಿಂದ ಎಷ್ಟು ದೂರ. ಇಪ್ಪತ್ತು ವರ್ಷ ದಾಟಿದ ಮೇಲೆ, 1999-2000ದಲ್ಲಿ, ಕಸುಯ ಮತ್ತೆ ಫೆರ್ರಿ ಹತ್ತಿದರು. ಅದೇ ದಾರಿಗಳು, ಅದೇ ರೀತಿಯ ಎಣಿಕೆ. ದೊಡ್ಡ ಸೇತುವೆಗಳು ಬಂದು ಫೆರ್ರಿಗಳೇ ಒಂದೊಂದಾಗಿ ಕಮ್ಮಿಯಾಗುತ್ತಿದ್ದ ಕಾಲ ಅದು. ಕಡಲಿನ ಮಧ್ಯ ಮತ್ತು ಪೂರ್ವ ಭಾಗದಲ್ಲಿ ಸುನಾಮೆರಿ ಕಾಣುವುದೇ ಅಪರೂಪವಾಗಿತ್ತು. 1930ರಲ್ಲಿ ಸ್ಮಾರಕ ಅಂತ ಬೋರ್ಡು ಹಾಕಿದ ಜಾಗದಲ್ಲೂ ಅಷ್ಟೇ.

ಯೋಚಿಸಿ ನೋಡಿ. 1976ರಲ್ಲಿ ಅವರು ಡೆಕ್ ಮೇಲೆ ನಿಲ್ಲದೇ ಇದ್ದಿದ್ದರೆ? 2000ದಲ್ಲಿ ಯಾರಾದರೂ 'ಮೊದಲು ಬಹಳ ಇದ್ದವು' ಅಂದರೆ 'ಅಜ್ಜ ಏನೋ ಹೇಳ್ತಾನೆ' ಅಂತ ಸುಮ್ಮನಾಗುತ್ತಿದ್ದರು. ಅಜ್ಜ ಹೇಳಿದ್ದು ನಿಜ ಅಂತ ತೋರಿಸಲು ಎರಡು ನೋಟ್‌ಬುಕ್ ಬೇಕಾದವು, ನಡುವೆ ಇಪ್ಪತ್ತು ವರ್ಷ ಇಟ್ಟುಕೊಂಡು.

ಕಮ್ಮಿಯಾಗಲು ಕಾರಣ ಹಲವು. ಬಲೆಗೆ ಸಿಕ್ಕಿ ಸತ್ತವು, ನೀರಿನ ವಿಷ ಮೈಗೆ ಸೇರಿತು. ಇನ್ನೊಂದು ದೊಡ್ಡ ಕಾರಣ ಮರಳು. ಹಾವೇರಿ ಕಡೆಯವರು ಇಲ್ಲಿ ಇದ್ದೀರಿ, ತುಂಗಭದ್ರೆಯ ದಂಡೆಯಲ್ಲಿ ರಾತ್ರಿ ಓಡುವ ಮರಳು ಲಾರಿಗಳ ಸದ್ದು ನಿಮಗೆ ಗೊತ್ತು. ಸೆತೊದಲ್ಲಿ ಮರಳನ್ನು ಕಡಲಿನ ತಳದಿಂದ ಹೀರಿ ತೆಗೆದರು, ಕಾಂಕ್ರೀಟಿಗೆ. ಇಕನಾಗೊ ಮೀನು ಬೇಸಿಗೆ ಪೂರ್ತಿ ಮರಳಿನೊಳಗೆ ಹುದುಗಿ ಮಲಗುತ್ತದೆ. ಮರಳು ಹೋದರೆ ಅದರ ಹಾಸಿಗೆ ಹೋಯಿತು. ಇಕನಾಗೊ ಹೋದರೆ ಸುನಾಮೆರಿಯ ಊಟ, ಅಬಿ ಹಕ್ಕಿಯ ಊಟ, ಅವುಗಳ ಹಿಂದೆ ದೋಣಿ ಬಿಡುತ್ತಿದ್ದವನ ಊಟ, ಎಲ್ಲವೂ ಹೋಯಿತು. ಹಿರೊಶಿಮಾ ಪ್ರಾಂತ್ಯ 1998ರಲ್ಲಿ ಕಡಲ ಮರಳು ತೆಗೆಯುವುದನ್ನು ನಿಷೇಧ ಮಾಡಿತು. ಉಳಿದ ಪ್ರಾಂತ್ಯಗಳು ಒಂದೊಂದಾಗಿ ಹಿಂದೆ ಬಂದವು. ಆದರೆ ಗುಂಡಿ ಬಿದ್ದ ತಳ ಬೇಗ ತುಂಬುವುದಿಲ್ಲ.

ನಾನು ಕೆಲಸ ಮಾಡಿದ್ದು ತಕೆಹಾರಾ ಹತ್ತಿರದ ಒಂದು ಕೆಸರು ಬಯಲಿನಲ್ಲಿ. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದಾಗ ತೆರೆದುಕೊಳ್ಳುವ ನೆಲ. ನೋಡಿದರೆ ಏನೂ ಇಲ್ಲ ಅನ್ನಿಸುತ್ತದೆ, ಮಳೆ ನಿಂತ ಮೇಲಿನ ಎರೆಹೊಲದ ಹಾಗೆ. ಮೊಣಕಾಲವರೆಗೆ ರಬ್ಬರ್ ಬೂಟು, ಕೈಯಲ್ಲಿ ತಂತಿಯ ಚೌಕಟ್ಟು. ಒಂದೊಂದು ಬದಿ ಸರಿಯಾಗಿ ಅರ್ಧ ಮೀಟರ್. ಅದನ್ನು ಕೆಸರಿನ ಮೇಲೆ ಇಡುವುದು, ಒಳಗಿನ ಮಣ್ಣು ಅಗೆದು ಜರಡಿ ಹಿಡಿಯುವುದು, ಸಿಕ್ಕಿದ್ದನ್ನೆಲ್ಲ ಎಣಿಸುವುದು. ಹುಳು, ಚಿಪ್ಪು, ಸಣ್ಣ ಏಡಿ. ಕೆಲವೊಮ್ಮೆ ಒಂದೇ ಚೌಕದಲ್ಲಿ ಅರ್ಧ ದಿನ ಹೋಗುತ್ತಿತ್ತು.

ಅಲ್ಲಿ ಕುದುರೆ ಲಾಳದ ಏಡಿಯ ಮರಿ ಹುಡುಕುವುದನ್ನು ನನಗೆ ಕಲಿಸಿದವರು ದಂಡೆಯಲ್ಲಿ ಚಿಪ್ಪು ಹೆಕ್ಕುವ ಒಬ್ಬ ಅಜ್ಜಿ. ಏಡಿ ಅಂತ ಕರೆಯುತ್ತೇವೆ, ಆದರೆ ಅದು ಜೇಡ, ಚೇಳುಗಳಿಗೆ ಹತ್ತಿರದ ಪ್ರಾಣಿ. ಮೇಲೆ ಲಾಳದ ಆಕಾರದ ಟೋಪಿ, ಹಿಂದೆ ಮುಳ್ಳಿನಂಥ ಬಾಲ, ರಕ್ತ ನೀಲಿ. ಬೇಸಿಗೆಯಲ್ಲಿ ದೊಡ್ಡ ಭರತದ ರಾತ್ರಿ ಜೋಡಿಯಾಗಿ ಮರಳಿಗೆ ಬಂದು ಮೊಟ್ಟೆ ಇಡುತ್ತವೆ. ಮರಿ ಬೆಳೆಯುವುದು ಮರಳಿನಲ್ಲಲ್ಲ, ಮುಂದಿನ ಕೆಸರಿನಲ್ಲಿ. ದೊಡ್ಡದಾಗಲು ಹತ್ತು ವರ್ಷಕ್ಕೂ ಜಾಸ್ತಿ ಬೇಕು. ಅಜ್ಜಿ ನನಗೆ ಬಗ್ಗಿ ನೋಡು ಅಂದರು. ಕೆಸರಿನ ಮೇಲೆ ಒಂದು ಸಣ್ಣ ಗೆರೆ, ಮಗು ಸ್ಲೇಟಿನ ಮೇಲೆ ಗೀಚಿದ ಹಾಗೆ ಸುತ್ತಿ ಸುತ್ತಿ ಹೋಗಿತ್ತು. ಗೆರೆಯ ಕೊನೆಗೆ ಒಂದು ಉಬ್ಬು. ಬೆರಳಿನಿಂದ ಮೆಲ್ಲಗೆ ಸರಿಸಿದರೆ ನನ್ನ ಕಿರುಬೆರಳ ಉಗುರಿನಷ್ಟು ದೊಡ್ಡ ಮರಿ. ಟೋಪಿ, ಬಾಲ ಎಲ್ಲ ಸರಿಯಾಗಿ ಇತ್ತು. ಅಜ್ಜಿಗೆ ಅದರ ವೈಜ್ಞಾನಿಕ ಹೆಸರು ಗೊತ್ತಿರಲಿಲ್ಲ. ನನಗೆ ಹೆಸರು ಗೊತ್ತಿತ್ತು, ಆ ಗೆರೆ ಕಾಣಿಸಿರಲಿಲ್ಲ.

ಇದೇ ಪ್ರಾಣಿಗಾಗಿ ಕಸಾವೊಕಾ ಎಂಬ ಊರಿನ ಕೊಲ್ಲಿಯನ್ನು 1928ರಲ್ಲೇ ಸ್ಮಾರಕ ಮಾಡಿದ್ದರು. ಆಮೇಲೆ ಹೊಲ ಬೇಕು ಅಂತ ಅದೇ ಕೊಲ್ಲಿಯ ಬಹುಭಾಗವನ್ನು ಒಣಗಿಸಿ ನೆಲ ಮಾಡಿದರು. ಈಗ ಅಲ್ಲಿ ಕುದುರೆ ಲಾಳದ ಏಡಿಗಾಗಿಯೇ ಒಂದು ಮ್ಯೂಸಿಯಂ ಇದೆ, ಮರಿ ಬೆಳೆಸಿ ಬಿಡುತ್ತಾರೆ. ಒಳ್ಳೆಯ ಕೆಲಸ, ನಾನು ಗೌರವದಿಂದಲೇ ನೋಡಿದೆ. ಆದರೆ ಕೊಲ್ಲಿಗೆ ಬದಲಿ ಮ್ಯೂಸಿಯಂ ಆಗುವುದಿಲ್ಲ. ಬರೀ ಘೋಷಣೆಯಿಂದ ಏನೂ ಉಳಿಯುವುದಿಲ್ಲ ಅನ್ನುವುದನ್ನು ನಾನು ಅಲ್ಲಿ ಕಣ್ಣಾರೆ ಕಂಡೆ. ಪ್ರತಿ ವರ್ಷ ಹೋಗಿ ಎಷ್ಟು ಉಳಿದಿವೆ ಅಂತ ನೋಡುವವರು ಬೇಕು.

ಸ್ವಲ್ಪ ಬೇರೆ ಕಡೆ ಹೋಗುತ್ತೇನೆ, ಕ್ಷಮಿಸಿ. ನಾನು ಪಾಠ ಮಾಡಿದ ಒಂದು ಕಾಲೇಜಿನಲ್ಲಿ, ಹೆಸರು ಬೇಡ, ಜೀವಶಾಸ್ತ್ರದ ಹಳೇ ಕೋಣೆ ಇತ್ತು. ಕಪಾಟಿನ ತುಂಬಾ ಶೀಶೆಗಳು. ಮೀನು, ಕಪ್ಪೆ, ಚಿಪ್ಪು, ಎಲ್ಲ ಸುತ್ತಮುತ್ತಲಿನ ಕೆರೆ ಹಳ್ಳಗಳಿಂದ ಯಾರೋ ಮೇಷ್ಟ್ರು ಹುಡುಗರನ್ನು ಕರಕೊಂಡು ಹೋಗಿ ತಂದದ್ದು. ನಾನು ಒಂದೊಂದೇ ಶೀಶೆ ಬೆಳಕಿಗೆ ಹಿಡಿದು ನೋಡಿದೆ. ಚೀಟಿ ಒಳಗೇ ಇತ್ತು, ಆದರೆ ಖಾಲಿ. ಇಂಕ್ ಪೆನ್ನಿನಲ್ಲಿ ಬರೆದಿದ್ದರು. ದ್ರವದಲ್ಲಿ ಅಕ್ಷರ ಕರಗಿ, ನೀರಿಗೆ ತೆಳು ನೀಲಿ ಬಣ್ಣ ಬಂದಿತ್ತು. ಯಾವ ಕೆರೆಯ ಮೀನು? ಯಾವ ವರ್ಷ? ಆ ಮೀನು ಈಗ ಆ ಕೆರೆಯಲ್ಲಿ ಇದೆಯಾ? ಮೀನು ಹಾಗೇ ಇದೆ, ಹೇಳಬೇಕಾದ್ದು ಹೋಗಿದೆ. ಅವತ್ತು ನನಗೆ ನಿಜವಾಗಿ ಅಳು ಬಂತು. ಪೆನ್ಸಿಲ್ಲಿನಲ್ಲಿ ಬರೆದಿದ್ದರೆ ನೂರು ವರ್ಷ ಆದರೂ ಅಳಿಯುತ್ತಿರಲಿಲ್ಲ. ಪೆನ್ಸಿಲ್ಲಿನ ಸೀಸ ನೀರಿನಲ್ಲೂ ಕರಗಲ್ಲ, ಸ್ಪಿರಿಟ್‌ನಲ್ಲೂ ಕರಗಲ್ಲ. ಅದಕ್ಕೇ ನಮ್ಮ ಕೆಲಸದವರು ಪೆನ್ ಮುಟ್ಟುವುದಿಲ್ಲ. ನಾನು ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನ ಹೇಳುವ ಮಾತು ಇದೊಂದೇ.

ಸರಿ, ಸೆತೊಗೆ ವಾಪಸ್. ಹಿನಾಸೆ ಅಂತ ಮೀನುಗಾರರ ಊರು. ಅಲ್ಲಿ ಕಡಲಿನ ಹುಲ್ಲು ಬೆಳೆಯುತ್ತಿತ್ತು, ಅಮಾಮೊ ಅನ್ನುತ್ತಾರೆ. ಪಾಚಿ ಅಲ್ಲ, ಬೇರು ಬಿಟ್ಟು, ಹೂ ಬಿಟ್ಟು ಬೀಜ ಕಟ್ಟುವ ಹುಲ್ಲು. ಮೀನು ಮೊಟ್ಟೆ ಇಡುವುದು, ಮರಿ ಅಡಗುವುದು ಅದರಲ್ಲೇ. ಮೋಟಾರ್ ದೋಣಿ ಬಂದ ಮೇಲೆ ಹುಲ್ಲು ಪಂಖಕ್ಕೆ ಸುತ್ತಿಕೊಳ್ಳುತ್ತಿತ್ತು, ಹಾಗಾಗಿ ಅದು ಕಿರಿಕಿರಿ ಅನ್ನಿಸಿತು. ಹಿಂದೆ ಸುಮಾರು 590 ಹೆಕ್ಟೇರ್ ಇತ್ತು. 1985ರ ಹೊತ್ತಿಗೆ ಉಳಿದದ್ದು 12 ಹೆಕ್ಟೇರ್. ಮೀನೂ ಇಲ್ಲ. ಆಗ ದಂಡೆಯಲ್ಲಿ ಬಲೆ ಕಟ್ಟುವ ಕೆಲವು ಮೀನುಗಾರರು ತಾವೇ ಬೀಜ ಕಲೆಹಾಕಿ ಬಿತ್ತಲು ಶುರು ಮಾಡಿದರು. ವರ್ಷಗಟ್ಟಲೆ ಏನೂ ಬರಲಿಲ್ಲ. ಬಂದದ್ದೂ ಒಂದು ಬೇಸಿಗೆಗೆ ಹೋಗಿಬಿಡುತ್ತಿತ್ತು. ನಮ್ಮ ರೈತರಿಗೆ ಇದು ಬೇರೆ ಹೇಳಬೇಕಾಗಿಲ್ಲ. ಬಿತ್ತಿದರು, ಮತ್ತೆ ಬಿತ್ತಿದರು. ಸುಮಾರು ಮೂವತ್ತು ವರ್ಷದಲ್ಲಿ ಹುಲ್ಲು 250 ಹೆಕ್ಟೇರ್ ಹತ್ತಿರ ಬಂತು.

ಈಗ ಆ ಊರಿನ ಶಾಲೆಯ ಮಕ್ಕಳೂ ಈ ಕೆಲಸದಲ್ಲಿ ಇದ್ದಾರೆ. ತೇಲುವ ಹುಲ್ಲು ಹಿಡಿದು ಬೀಜ ಬಿಡಿಸುತ್ತಾರೆ. ನನಗೆ ಇನ್ನೂ ಹಿಡಿಸಿದ್ದು ಬೇರೆ. ಮಕ್ಕಳು ಹಳೇ ಮೀನುಗಾರರ ಮುಂದೆ ಕೂತು ಅವರು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ಅವರು ಆಡಿದ ಮಾತಿನಲ್ಲೇ, ತಿದ್ದದೆ.

ಪಟ್ಟಿ ಅನ್ನುವುದು ಒಮ್ಮೊಮ್ಮೆ ಗೋಡೆಯಂತೆ ಎದುರು ನಿಲ್ಲುತ್ತದೆ. ಸೆತೊದ ಪಶ್ಚಿಮ ತುದಿಯಲ್ಲಿ ಕಮಿನೊಸೆಕಿ ಅಂತ ಇದೆ. ಅಲ್ಲಿ ಅಣು ವಿದ್ಯುತ್ ಸ್ಥಾವರದ ಮಾತು ಬಂದದ್ದು 1982ರಲ್ಲಿ. ಅದಕ್ಕಾಗಿ ಕಡಲಿಗೆ ಮಣ್ಣು ತುಂಬಬೇಕಿತ್ತು. ಎದುರಿನ ಇವಾಯಿಶಿಮಾ ದ್ವೀಪದ ಜನ, ಹೆಚ್ಚಿನವರು ವಯಸ್ಸಾದವರು, ವಾರ ವಾರ ಮೆರವಣಿಗೆ ಮಾಡಿ ಬೇಡ ಅಂದರು. ಅದರ ಜೊತೆಗೆ ಇನ್ನೊಂದು ಕೆಲಸವೂ ನಡೆಯಿತು. ಊರವರು ಮತ್ತು ವಿಜ್ಞಾನಿಗಳು ಸೇರಿ ಕಲ್ಲು ಕಲ್ಲು ಎತ್ತಿ ನೋಡಿ ಅಲ್ಲಿ ಏನೇನಿದೆ ಅಂತ ಬರೆದರು. ಅಪರೂಪದ ಸಣ್ಣ ಶಂಖದ ಹುಳುಗಳು, ಸುನಾಮೆರಿ, ಕಡಲ ಮೇಲೇ ಬದುಕುವ ಅಪರೂಪದ ಹಕ್ಕಿ. ಜೀವಶಾಸ್ತ್ರದ ಸಂಘಗಳು ಆ ಪಟ್ಟಿ ಹಿಡಿದು ಮತ್ತೆ ಸರ್ವೆ ಮಾಡಿ ಅಂತ ಕೇಳಿದವು. ಮಣ್ಣು ತುಂಬುವ ಕೆಲಸ ನಿಂತದ್ದು 2011ರ ಮಾರ್ಚ್‌ನಲ್ಲಿ, ಫುಕುಶಿಮಾ ದುರಂತದ ನಂತರ. ಪಟ್ಟಿಯೊಂದರಿಂದಲೇ ನಿಂತಿತು ಅಂತ ನಾನು ಹೇಳುವುದಿಲ್ಲ. ಆದರೆ ಅಷ್ಟು ವರ್ಷ ತಡೆದು ನಿಲ್ಲಿಸಿದವರ ಕೈಯಲ್ಲಿ ಆ ಪಟ್ಟಿ ಇತ್ತು.

ಇನ್ನೊಂದು ವಿಷಯ ಹೇಳದೆ ಹೋದರೆ ತಪ್ಪಾಗುತ್ತದೆ. 1973ರ ಕಾನೂನಿನಿಂದ ಸೆತೊದ ನೀರು ತಿಳಿಯಾಯಿತು. 1976ರಲ್ಲಿ 299 ಸಲ ನೀರು ಕೆಂಪಾಗಿತ್ತು. ಆಮೇಲೆ ಅದು ಮೂರನೇ ಒಂದು ಭಾಗದ ಹತ್ತಿರಕ್ಕೆ ಇಳಿಯಿತು. ಆದರೆ ಈಗ ಕೆಲವು ಕಡೆ ನೀರಿನಲ್ಲಿ ಪೋಷಕಾಂಶ ಸಾಲುತ್ತಿಲ್ಲ. ನೋರಿ ಅಂತ ಕಡಲ ಪಾಚಿ ಬೆಳೆಯುತ್ತಾರೆ, ಹಪ್ಪಳದ ಹಾಗೆ ತೆಳುವಾಗಿ ಒಣಗಿಸಿ ತಿನ್ನುವುದು. ಅದು ಕಪ್ಪಗಿರಬೇಕಾದ್ದು ಬಿಳಿಚಿಕೊಂಡು ಬರತೊಡಗಿತು. ಅದಕ್ಕೇ 2021ರಲ್ಲಿ ಕಾನೂನು ತಿದ್ದಿ, ಬೇಕಾದ ಕಡೆ ಪೋಷಕಾಂಶ ಬಿಡಲು ಪ್ರಾಂತ್ಯಗಳಿಗೆ ಅವಕಾಶ ಕೊಟ್ಟರು. ತೆಟ್ಸುವೊ ಯನಾಗಿ ಎಂಬ ವಿಜ್ಞಾನಿ 1998ರಲ್ಲೇ ಸಾತೊ-ಉಮಿ ಅನ್ನುವ ಮಾತು ತಂದಿದ್ದರು. ಸಾತೊ ಅಂದರೆ ಊರು, ಉಮಿ ಅಂದರೆ ಕಡಲು. ಊರ ಕಡಲು. ನಾವು ಊರ ಕೆರೆ ಅನ್ನುತ್ತೇವಲ್ಲ, ಹಾಗೆ. ಹೂಳು ತೆಗೆದು ಹೊಲಕ್ಕೆ ಹಾಕುತ್ತಿದ್ದ, ಮೀನಿಗೆ ಹರಾಜು ಕೂಗುತ್ತಿದ್ದ, ಗಣಪತಿ ಬಿಡುತ್ತಿದ್ದ ಕೆರೆ. ಜನ ಮುಟ್ಟದೆ ಉಳಿದ ನೀರು ಅಲ್ಲ, ಜನ ಗಮನ ಇಟ್ಟ ನೀರು. ನೀರು ಎಷ್ಟು ತಿಳಿ, ಅದರಲ್ಲಿ ಎಷ್ಟು ಜೀವ, ಎರಡನ್ನೂ ಬೇರೆ ಬೇರೆ ಅಳೆಯಬೇಕು ಅನ್ನುವುದು ಅವರಿಗೂ ತಡವಾಗಿ ಗೊತ್ತಾಯಿತು.

ನಮ್ಮ ಕಡೆ ಏನಿದೆ? ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ ನಿಮಗೆ ಗೊತ್ತಿದೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಗಲು ಕೆರೆಯಲ್ಲಿ, ಕತ್ತಲಾದರೆ ಸುತ್ತಲಿನ ಹೊಲಗಳಿಗೆ. ಪೈರು ತಿಂದರೂ ಊರವರು ಕಲ್ಲು ಹೊಡೆಯಲಿಲ್ಲ, ಅವರಿಗೆ ಕೈಮುಗಿಯಬೇಕು. 2024ರ ಜನವರಿಯಲ್ಲಿ ಅದಕ್ಕೆ ರಾಮ್ಸರ್ ಪಟ್ಟ, ಅಂದರೆ ಜಗತ್ತಿನ ಮಹತ್ವದ ಜೌಗು ಜಾಗಗಳ ಪಟ್ಟಿಯಲ್ಲಿ ಸ್ಥಾನ, ಸಿಕ್ಕಿತು, ಕುಮಟೆಯ ಅಘನಾಶಿನಿ ಅಳಿವೆಗೂ ಅದೇ ಸಲ. ಮಾಗಡಿಯ ಹಕ್ಕಿ ಎಣಿಸುವವರು ಇದ್ದಾರೆ. ನೀರಿನ ಒಳಗೆ ಏನಿದೆ ಅಂತ ಎಣಿಸುವವರು ಬಹಳ ಕಮ್ಮಿ. ಹಕ್ಕಿ ಕಾಣುತ್ತದೆ, ಚಿಪ್ಪು ಕಾಣುವುದಿಲ್ಲ.

ಕಳೆದ ವರ್ಷದಿಂದ ನಾವು ಎಂಟು ಜನ ಇಲ್ಲೇ ಕೆಲಗೇರಿ ಕೆರೆಯ ಒಂದು ಅಂಚಿನಲ್ಲಿ ಅದೇ ಅರ್ಧ ಮೀಟರಿನ ತಂತಿ ಚೌಕಟ್ಟು ಇಟ್ಟು ಎಣಿಸುತ್ತಿದ್ದೇವೆ. ತಿಂಗಳಿಗೆ ಒಂದು ಸಲ, ಅದೇ ಹತ್ತು ಜಾಗ, ಅದೇ ಹೊತ್ತು. ದನ ಮೈತೊಳೆಯಲು ಬಂದವರು ಕೇಳುತ್ತಾರೆ, "ಏನ್ರೀ ಅಕ್ಕಾರ, ಕೆಸರಾಗ ಏನ್ ಕಳಕೊಂಡೀರಿ?" ಅಂತ. ತೋರಿಸುತ್ತೇವೆ. ಕಪ್ಪೆಚಿಪ್ಪು, ಬಸವನಹುಳು, ಏರೋಪ್ಲೇನ್ ಚಿಟ್ಟೆಯ ಮರಿ. ಮೊದಮೊದಲು ನಮ್ಮ ಹುಡುಗಿಯೊಬ್ಬಳು ಏನೂ ಸಿಗದ ಚೌಕಗಳನ್ನು ಬರೆಯದೆ ಬಿಟ್ಟಿದ್ದಳು. ಏನೂ ಇಲ್ಲವಲ್ಲ ಮೇಡಂ, ಏನು ಬರೆಯಲಿ ಅಂದಳು. ಶಾಲೆಯಲ್ಲಿ ಹಾಜರಿ ಹಾಕುವಾಗ ಬಾರದ ಮಗುವಿನ ಮುಂದೆ ಜಾಗ ಖಾಲಿ ಬಿಡುತ್ತೀವಾ? ಗೈರು ಅಂತ ಬರೆಯುತ್ತೇವೆ. ಖಾಲಿ ಬಿಟ್ಟರೆ ಮುಂದೆ ನೋಡುವವರಿಗೆ ಮಗು ಬರಲಿಲ್ಲವೋ ಮೇಷ್ಟ್ರೇ ಬರಲಿಲ್ಲವೋ ಗೊತ್ತಾಗುವುದಿಲ್ಲ. ಈಗ ಅವಳು ಸೊನ್ನೆಯನ್ನು ಎಲ್ಲರಿಗಿಂತ ದುಂಡಗೆ ಬರೆಯುತ್ತಾಳೆ.

ಬಾಗಿಲಲ್ಲಿ ಪ್ರಶ್ನೆ ಕೇಳಿದ ಹಿರಿಯರು ಅಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಭಾಷಣ ಶುರುವಾಗುವ ಮೊದಲು ನಾನು ಅವರನ್ನು ವಾಪಸ್ ಒಂದು ಪ್ರಶ್ನೆ ಕೇಳಿದೆ. ಸಣ್ಣವರಿದ್ದಾಗ ಉಣಕಲ್ ಕೆರೆಯಲ್ಲಿ ಯಾವ ಮೀನು ಹಿಡಿಯುತ್ತಿದ್ದಿರಿ ಅಂತ. ನಿಂತಲ್ಲೇ ಹೇಳಿದರು: ಬಾಳೆಮೀನು, ಚೇಳುಮೀನು, ಹಾವುಮೀನು, ಕೊರವ. ಈಗ ಮಕ್ಕಳು ಹಿಡಿಯುವುದು ಬರೀ ಜಿಲೇಬಿ ಮೀನು ಅಂದರು. ಯಾವ ವರ್ಷದ ಮಾತು ಅಂದೆ. ವರ್ಷ ನೆನಪಿಲ್ಲ, ದೊಡ್ಡ ಬರಗಾಲ ಬಿದ್ದ ಮರುವರ್ಷ, ಕೆರೆ ಮತ್ತೆ ತುಂಬಿದಾಗ ಅಂದರು. 1972ರ ಬರ. ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ, ನಾಲ್ಕೂ ಹೆಸರು, ಅವರು ಹೇಳಿದ ಹಾಗೆಯೇ. ಚೇಳುಮೀನು ಕಚ್ಚಿದ ಗುರುತು ಇನ್ನೂ ಕೈ ಮೇಲಿದೆ ಅಂತ ತೋರಿಸಿದರು. ಅದನ್ನೂ ಬರೆದಿದ್ದೇನೆ.

ಮುಂದಿನ ಎಣಿಕೆ ಬರುವ ಭಾನುವಾರ, ಬೆಳಗ್ಗೆ ಆರೂವರೆಗೆ, ಕೆಲಗೇರಿ ಕೆರೆ ಏರಿ ಮೇಲೆ. ಹಳೇ ಚಪ್ಪಲಿ ಹಾಕಿಕೊಂಡು ಬನ್ನಿ. ಜರಡಿ ನಮ್ಮ ಹತ್ತಿರ ಇದೆ. ಪೆನ್ಸಿಲ್ ನೀವು ತನ್ನಿ. ಅಜ್ಜಾರ, ನೀವು ಬರಲೇಬೇಕು. ಆ ನಾಲ್ಕು ಮೀನಿನಲ್ಲಿ ಎರಡನ್ನು ನಾನು ಇನ್ನೂ ನೀರಿನಲ್ಲಿ ನೋಡಿಲ್ಲ. ಎಲ್ಲಿ ಕೈ ಹಾಕಬೇಕು ಅಂತ ನೀವೇ ತೋರಿಸಬೇಕು.